ಕೆಂಪು ಗ್ರಂಥಾಲಯಕ್ಕೆ ಬಣ್ಣ ಆಮೇಲೆ, ಮೊದಲು ಹಂಚು

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರು ಆ ಕೆಂಪು ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಎಲ್ಲರ ಕಣ್ಣೂ ಬಣ್ಣದ ಮೇಲೆ. ಆದರೆ ರಾಜ್ಯ ಕೇಂದ್ರ ಗ್ರಂಥಾಲಯದ ಆಯಸ್ಸು ನಿಂತಿರುವುದು ಹಂಚಿನ ಮಾಡಿನ ಮೇಲೆ.

ಇದರ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು ಅವರು. ಬೆಂಗಳೂರಿಗೆ ಹೆಸರಘಟ್ಟದ ನೀರು, ಶಿವನಸಮುದ್ರದ ವಿದ್ಯುತ್ ಯೋಜನೆ ಎರಡೂ ಅವರ ಕಾಲದ ಕೆಲಸ. ಎದುರಿಗಿರುವ ಪ್ರತಿಮೆಯನ್ನು ವೈಸ್‌ರಾಯ್ ಹಾರ್ಡಿಂಜ್ 1913ರಲ್ಲಿ ಅನಾವರಣ ಮಾಡಿದರು. ಭವನ ಬಂದದ್ದು 1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಒಬ್ಬರ ನೆನಪಿಗೆ ಕಟ್ಟಿದ್ದು ಊರಿನವರೆಲ್ಲ ಕೂತು ಓದುವ ಜಾಗವಾಯಿತಲ್ಲ, ಇದಕ್ಕಿಂತ ಒಳ್ಳೆಯ ಸ್ಮಾರಕ ನನಗೆ ತೋಚುವುದಿಲ್ಲ.

ಹಲವರು ಇದನ್ನು ಗಾಥಿಕ್, ಅಂದರೆ ಮಧ್ಯಯುಗದ ಯುರೋಪಿನ ಚೂಪು ಕಮಾನುಗಳ ಶೈಲಿ ಅನ್ನುತ್ತಾರೆ. ಕಂಬಗಳ ತಲೆ ನೋಡಿ. ಅಲಂಕಾರವಿಲ್ಲದೆ ಸರಳವಾಗಿರುವುದು ಟಸ್ಕನ್, ಎಲೆಗಳ ಗೊಂಚಲು ಕೆತ್ತಿರುವುದು ಕೊರಿಂಥಿಯನ್. ಎರಡೂ ಗ್ರೀಕ್-ರೋಮನ್ ಪರಂಪರೆಯವು, ಗಾಥಿಕ್ ಅಲ್ಲ. ಮೇಲೆ ಮಾತ್ರ ನಮ್ಮ ಕರಾವಳಿಯ ಹಂಚು.

ಮಂಗಳೂರು ಹಂಚಿನ ಕಾರ್ಖಾನೆಯನ್ನು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿತು. ಒಂದು ಹಂಚು ಸುಮಾರು ಎರಡೂವರೆ ಕಿಲೊ. 100 ಚದರ ಅಡಿಗೆ 130ರಿಂದ 150 ಬೇಕು. ಹಂಚನ್ನು ಮಗುಚಿ ನೋಡಿದರೆ ಹಿಂಬದಿ ಸಣ್ಣ ಉಬ್ಬುಗಳಿರುತ್ತವೆ. ಅವು ರೀಪಿಗೆ (ಹಂಚಿನ ಕೆಳಗಿನ ಅಡ್ಡಪಟ್ಟಿಗೆ) ಸಿಕ್ಕಿಕೊಂಡು ಹಂಚನ್ನು ಹಿಡಿಯುತ್ತವೆ. ಅಂಚಿನ ಕಾಲುವೆಯೊಳಗೆ ಪಕ್ಕದ ಹಂಚಿನ ಅಂಚು ಕೂರುತ್ತದೆ. ಆ ಕಾಲುವೆಯಲ್ಲಿ ಎಲೆ, ಪಾಚಿ ತುಂಬಿದರೆ ನೀರು ಕೆಳಗೆ ಹರಿಯದೆ ಅಡ್ಡಕ್ಕೆ ನುಗ್ಗುತ್ತದೆ. ಮರಗಳ ನಡುವಿನ ಕಟ್ಟಡಕ್ಕೆ ಇದೇ ದೊಡ್ಡ ಕಾಟ. ಒಂದು ಹಂಚು ಜಾರಿದರೆ ಮೊದಲು ರೀಪು ನೆನೆಯುತ್ತದೆ, ಆಮೇಲೆ ರೀಪನ್ನು ಹೊರುವ ಇಳಿಜಾರು ಮರ, ಅಂದರೆ ಪಕಾಸು, ನಂತರ ಗೆದ್ದಲು. ಒಳಗಿನ ಗೋಡೆಯಲ್ಲಿ ಕಲೆ ಕಾಣುವ ಹೊತ್ತಿಗೆ ಮರ ಅರ್ಧ ಹೋಗಿರುತ್ತದೆ. ಸೋರುವ ಜಾಗಕ್ಕೆ ಮೇಲಿಂದ ಸಿಮೆಂಟ್ ಮೆತ್ತಬೇಡಿ. ಅದು ಬೇಗ ಬಿರುಕು ಬಿಡುತ್ತದೆ, ಮುಂದೆ ಆ ಹಂಚನ್ನು ಒಡೆಯದೆ ತೆಗೆಯಲೂ ಆಗುವುದಿಲ್ಲ. ಮೇ ತಿಂಗಳಲ್ಲಿ ಮಾಡು ಗುಡಿಸಿ, ಒಡೆದದ್ದನ್ನು ಬದಲಾಯಿಸಿ, ನೆತ್ತಿಯ ಹಂಚಿನ ಗಾರೆ ನೋಡಿದರೆ ಮಳೆಗಾಲ ನಿಶ್ಚಿಂತೆ.

ಇನ್ನು ಗೋಡೆ. ಸುಣ್ಣದ ಗಾರೆಯ ಹಳೆಯ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತದೆ. ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಅಥವಾ ಆಯಿಲ್ ಪೇಂಟ್ ಹೊಡೆದರೆ ತೇವ ಹೊರಬರಲು ದಾರಿಯಿಲ್ಲದೆ ಮೇಲೇರುತ್ತದೆ, ಉಪ್ಪು ಹೂವಿನ ಹಾಗೆ ಅರಳಿ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಮತ್ತೆ ಅದರ ಮೇಲೆಯೇ ಹೊಸ ಬಣ್ಣ! ಇಂಥ ಗೋಡೆಯ ರಿಪೇರಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿರಬೇಕು. ತಡವಾಗುತ್ತದೆ, ನಿಜ. ಆದರೂ ಅದನ್ನೇ ಮಾಡಬೇಕು.

ಗೋಡೆಯ ತೇವ ಪುಸ್ತಕಕ್ಕೆ ದಾಟಲು ಹೆಚ್ಚು ದಿನ ಬೇಡ. ಕೋಣೆಯ ಆರ್ದ್ರತೆ ಶೇ 65 ದಾಟಿದರೆ ಬೂಷ್ಟಿನ ಭಯ ಹೆಚ್ಚು. ಕಪಾಟನ್ನು ಗೋಡೆಯಿಂದ ಅರ್ಧ ಅಡಿಯಾದರೂ ದೂರ ಇಡಬೇಕು, ಕೆಳಗಿನ ಹಲಗೆ ನೆಲಕ್ಕೆ ತಾಗಬಾರದು. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಓದುಗರಿಗೂ ಒಂದು ಮಾತು: ಪುಸ್ತಕದ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯಬೇಡಿ, ಮೊದಲು ಕಿತ್ತುಬರುವುದು ಅದೇ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಗೆ ತಳ್ಳಿ, ನಡುವಿಗೆ ಹಿಡಿದು ತೆಗೆಯಿರಿ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಮ್ಮ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ನಿಮ್ಮೂರಿನ ಹಳೆಯ ಗ್ರಂಥಾಲಯದಲ್ಲಿ ಅದರ ಲೆಕ್ಕ ಕೇಳುವಾಗ ಹೊಸ ಪುಸ್ತಕ ಎಷ್ಟು ತರಿಸಿದಿರಿ ಅನ್ನುವುದರ ಜೊತೆಗೆ ಈ ಸಲ ಮಳೆಗೆ ಮುಂಚೆ ಎಷ್ಟು ಹಂಚು ಬದಲಾಯಿಸಿದಿರಿ ಅಂತಲೂ ಕೇಳಿ.