ಎಂಜಿನ್ ನೋಡೋಕೆ ಬಂದವನು

ನಮ್ಮ ರೈಲ್ವೆಯಲ್ಲಿ ಸಮಯಕ್ಕೆ ಸರಿಯಾಗಿ ನಡೆಯುವುದು ಒಂದೇ, ಪ್ಲಾಟ್‌ಫಾರ್ಮ್ ಟಿಕೆಟ್. ಹತ್ತು ರೂಪಾಯಿ, ಎರಡು ಗಂಟೆ. ಆಮೇಲೆ ಒಂದು ನಿಮಿಷವೂ ಬದುಕುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 250 ರೂಪಾಯಿಯಿಂದ ಶುರು.

ಆಲ್ಕೋ ಎಂಜಿನ್ ಬರುತ್ತಂತೆ ಅಂತ ಗೆಳೆಯ ಫೋನ್ ಮಾಡಿದ್ದ. ಭಾನುವಾರ 2:10ಕ್ಕೇ ಟಿಕೆಟ್ ತಗೊಂಡು ಒಳಗೆ ಹೋದೆ. ರೈಲು ಬರಬೇಕಾದದ್ದು 2:30ಕ್ಕೆ. 4:10 ಆದರೂ ಸುಳಿವಿಲ್ಲ. ಮತ್ತೆ ಕೌಂಟರಿಗೆ ಬಂದೆ.

‘ಯಾರನ್ನ ಕರ್ಕೊಂಡು ಹೋಗೋಕೆ ಬಂದಿದೀರಾ ಸಾರ್?’

‘ಯಾರನ್ನೂ ಇಲ್ಲ, ಎಂಜಿನ್ ನೋಡೋಕೆ.’

ಅವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಚಿಲ್ಲರೆ ಇಲ್ಲ ಅಂದರು.

ಆಲ್ಕೋ ಅಂದರೆ ಏನು ಅಂತ ಕೇಳಬೇಡಿ, ಶುರು ಮಾಡಿದರೆ ನಿಲ್ಲಿಸಲ್ಲ. ಅಮೆರಿಕದಿಂದ 1962ರಲ್ಲಿ ಬಂದ ಡೀಸೆಲ್ ಎಂಜಿನ್. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. ಚಿಕ್ಕಂದಿನಲ್ಲಿ ಅರಸೀಕೆರೆ ಜಂಕ್ಷನ್ನಿನಲ್ಲಿ ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಹೊರಡುವಾಗ ಒಂದು ಸಲ ಗುಡುಗುಟ್ಟಿ, ಆಕಾಶಕ್ಕೆ ಕಪ್ಪು ಹೊಗೆ ಉಗುಳುತ್ತಿತ್ತು. ತಾತನ ಬಿಳಿ ಪಂಚೆಗೆ ಮಸಿ. ಮನೆಯಲ್ಲಿ ಅಜ್ಜಿಯಿಂದ ಇಬ್ಬರಿಗೂ ಬೈಗುಳ. ಈಗಿನ ಕರೆಂಟ್ ಎಂಜಿನ್ನು ಮಿಕ್ಸಿ ಥರ ಗುಂಯ್ ಅನ್ನುತ್ತದೆ, ಅಷ್ಟೇ.

ಇರಲಿ. ಬರುವಷ್ಟರಲ್ಲಿ ಒಂದು ಪ್ರಾಕ್ಟೀಸ್ ಆಗಲಿ ಅಂತ ಖಾಲಿ ಹಳಿಯದೇ ಫೋಟೋ ತೆಗೆದೆ. ಖಾಕಿಯವರು ಪ್ರತ್ಯಕ್ಷರಾದರು. ಪರ್ಮಿಷನ್ ಇದೆಯಾ? ಡಿಲೀಟ್ ಮಾಡಿ. ಹತ್ತು ಹೆಜ್ಜೆ ಆಚೆ ಒಬ್ಬ ಹುಡುಗ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಸೊಂಟ ಕುಣಿಸುತ್ತಾ ರೀಲ್ಸ್ ಮಾಡುತ್ತಿದ್ದ. ಅದು ಕಲೆ. ನನ್ನದು ದೇಶದ ಭದ್ರತೆಗೆ ಕುತ್ತು. ಆದರೂ ಪುಣ್ಯಾತ್ಮರು, ಬರಿಗೈಲಿ ಕಳಿಸಲಿಲ್ಲ. ‘ಫೋಟೋ ಬೇಕಂದ್ರೆ ಅಲ್ಲಿ ತಕ್ಕೊಳ್ಳಿ ಸಾರ್’ ಅಂತ ಸೆಲ್ಫಿ ಪಾಯಿಂಟ್ ತೋರಿಸಿದರು.

ಪ್ರಧಾನಿಯವರ ಕಟೌಟ್ ಇಟ್ಟ ಈ ಸೆಲ್ಫಿ ಪಾಯಿಂಟ್‌ಗಳ ಲೆಕ್ಕ ನೆನಪಿದೆ ತಾನೆ? 2023ರ ಡಿಸೆಂಬರಿನಲ್ಲಿ ಮಾಹಿತಿ ಹಕ್ಕಿನಡಿ ಮಧ್ಯ ರೈಲ್ವೆ ಕೊಟ್ಟ ಉತ್ತರದ ಪ್ರಕಾರ, ಕಾಯಂ ಆಗಿರುವ ಒಂದಕ್ಕೆ 6.25 ಲಕ್ಷ ರೂಪಾಯಿ. ಕೂತು ಲೆಕ್ಕ ಹಾಕಿದೆ, ಬೇರೆ ಕೆಲಸ ಏನಿತ್ತು? ನನ್ನಂಥವರ 62,500 ಪ್ಲಾಟ್‌ಫಾರ್ಮ್ ಟಿಕೆಟ್. ಕೂತೆ ಅಂದೆನಲ್ಲ, ಅದೂ ಸುಳ್ಳು. ಬೆಂಚಿನ ಹಲಗೆ ಮುರಿದಿತ್ತು. ಅದರ ಪಕ್ಕ ನೆಲದ ಮೇಲೆ ಒಬ್ಬ ಅಜ್ಜಿ ಗಂಟುಮೂಟೆ ಇಟ್ಟುಕೊಂಡು ಅದೇ ರೈಲಿಗೆ ಮಧ್ಯಾಹ್ನದಿಂದ ಕಾಯುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ. ಒಂದು ಬೆಂಚು ಸರಿ ಮಾಡಿಸಿ ಮಾರಾಯ್ರೆ, ಒಂದೇ ಒಂದು ಬೆಂಚು.

4:50ಕ್ಕೆ ಕೂಗು ಕೇಳಿಸಿತು. ಆಲ್ಕೋನೇ! ಅದೇ ಹೊತ್ತಿಗೆ ನನಗೂ ಅದಕ್ಕೂ ನಡುವಿನ ಹಳಿ ಮೇಲೆ ಗೂಡ್ಸ್ ಗಾಡಿ ಬಂತು. 58 ಬೋಗಿ, ಒಂದೊಂದನ್ನೂ ಎಣಿಸಿದ್ದೇನೆ. ಆಚೆ ಕಡೆ ಗುಡುಗು, ಗೂಡ್ಸಿನ ತಲೆ ಮೇಲೆ ಕಪ್ಪು ಹೊಗೆ, ಅಷ್ಟೇ ದರ್ಶನ. ಕೊನೆಯ ಡಬ್ಬಿಯಿಂದ ಗಾರ್ಡ್ ನನಗೆ ಕೈ ಬೀಸಿದರು. ಕ್ಷಮಿಸಿ, 2022ರಿಂದ ಅವರು ಟ್ರೇನ್ ಮ್ಯಾನೇಜರ್.

ಆಲ್ಕೋ ಎಳೆದು ತಂದದ್ದು ಅಜ್ಜಿಯ ರೈಲನ್ನಲ್ಲ. ಅದು ಇನ್ನೂ ಬಂದಿರಲಿಲ್ಲ. ನನ್ನ ಎರಡನೇ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಜಾಸ್ತಿ ಬಾಕಿ ಇತ್ತು. ಅಜ್ಜಿ ಗಂಟು ಸ್ವಲ್ಪ ಸರಿಸಿದರು. ಕೂತೆ.