ಬಾಮ್ ಜೀಸಸ್ ಕೆಂಪಾಗಿದ್ದು ಯಾವಾಗ?

ಗೋವಾದ ಕನ್ನಡಿಗರ ಮನೆಗೆ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ನೆಂಟರು ಬಂದರೆ ಹಳೆ ಗೋವಾ ತೋರಿಸದೆ ಕಳಿಸುವುದಿಲ್ಲ. ಸಂಜೆಯೊಳಗೆ ಅಲ್ಲಿನ ಹಳೆಯ ಚರ್ಚು, ಬಾಮ್ ಜೀಸಸ್ ಬೆಸಿಲಿಕಾ, ಸ್ಟೇಟಸ್‌ನಲ್ಲಿ ಬಂದಿರುತ್ತದೆ: ಕೆಂಪು ಕಲ್ಲಿನ ಎತ್ತರದ ಮುಖ, ಹಿಂದೆ ನೀಲಿ ಆಕಾಶ. ಇದನ್ನೇ ನೋಡಿ ನೋಡಿ, ಕಟ್ಟಡ ಮುಗಿದ 1605ರಿಂದಲೂ ಹೀಗೇ ಇತ್ತೆಂದು ನಂಬಿಬಿಟ್ಟಿದ್ದೇವೆ.

ಇರಲಿಲ್ಲ. 1594ರಲ್ಲಿ ಕೆಲಸ ಶುರುಮಾಡಿದವರು ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸುಣ್ಣದ ಗಾರೆಯ ಹೊದಿಕೆ ಕೊಟ್ಟಿದ್ದರು. ರಸ್ತೆಯಾಚೆಯ ಸೇ ಕ್ಯಾಥೆಡ್ರಲ್ ಇವತ್ತಿಗೂ ಬೆಳ್ಳಗಿದೆಯಲ್ಲ, ಇದೂ ಹಾಗೇ ಇತ್ತು. ಪೋರ್ಚುಗೀಸ್ ಆಡಳಿತದ ಕೊನೆಗಾಲದಲ್ಲಿ, 1950ರ ದಶಕದಲ್ಲಿ, ಗಾರೆ ಕೆತ್ತಿ ತೆಗೆದರು. ಈ ಕೆಂಪಿಗೆ ಸುಮಾರು 70 ವರ್ಷ ವಯಸ್ಸು, ಅಷ್ಟೇ.

ಬರೀ ಬಣ್ಣದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಚಿರೇಕಲ್ಲಿನ ಗುಣ ಕಾರವಾರ, ಕುಮಟಾ ಕಡೆಯವರಿಗೆ ಗೊತ್ತು. ಕಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಆದರೆ ಮೈತುಂಬ ತೂತು, ತೂತಿನೊಳಗೆ ಜೇಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಬೀಸುಮಳೆ ಜೇಡಿಯನ್ನು ತೊಳೆಯುತ್ತದೆ, ತೂತು ದೊಡ್ಡದಾಗುತ್ತದೆ, ಅಲ್ಲಿ ಪಾಚಿ ಕೂರುತ್ತದೆ, ಆಮೇಲೆ ಗಿಡ ಬೇರು ಬಿಡುತ್ತದೆ. ಮಳೆಗಾಲಕ್ಕೆ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ನಮ್ಮ ಹಿರಿಯರು ಇದನ್ನು ಬಲ್ಲವರೇ.

ಸುಣ್ಣದ ಗಾರೆ ಮಳೆಯ ಹೊಡೆತವನ್ನು ತಾನು ತಿಂದು ಕಲ್ಲನ್ನು ಉಳಿಸುತ್ತದೆ, ಒಳಗಿನ ತೇವ ಹೊರಹೋಗಲೂ ಬಿಡುತ್ತದೆ. ಸಿಮೆಂಟ್ ಆ ತೇವವನ್ನು ಒಳಗೇ ಕಟ್ಟಿಹಾಕಿ ಕಲ್ಲನ್ನು ಕೊಳೆಸುತ್ತದೆ. ಸುಣ್ಣಕ್ಕೆ ತಾಳ್ಮೆ ಬೇಕು: ವಾರಗಟ್ಟಲೆ ನೆನೆದಿರಬೇಕು, ಸುಮಾರು ಒಂದು ಪಾಲಿಗೆ ಮೂರು ಪಾಲು ಮರಳು, ತೆಳು ತೆಳು ಪದರ, ನಡುವೆ ತೇವ ಆರದಂತೆ ಕಾಪಾಡಬೇಕು. ಮಳೆ ನಿಂತ ಮೇಲಷ್ಟೇ ಈ ಕೆಲಸ.

ಆದರೆ ಮತ್ತೆ ಗಾರೆ ಹಾಕೋಣ ಎಂದರೆ ಉತ್ತರ ಸಿದ್ಧ: "ಜನ ಇದನ್ನು ಗುರುತಿಸುವುದೇ ಕೆಂಪು ಬಣ್ಣದಿಂದ." ಆ ಗುರುತನ್ನು ದಿನಾ ಗಟ್ಟಿಮಾಡುತ್ತಿರುವುದು ನಮ್ಮ ಫೋಟೋಗಳು. ಒಂದು ಕಟ್ಟಡದ ಚಹರೆಯನ್ನು ಲೈಕುಗಳು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ.

ಮೊಬೈಲಿನ 0.5 ಲೆನ್ಸನ್ನು, ಅಂದರೆ ಅಗಲ ನೋಟದ್ದನ್ನು, ಮೇಲಕ್ಕೆತ್ತಿ ತೆಗೆದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಮುಖ ಪಶ್ಚಿಮಕ್ಕಿರುವುದರಿಂದ ಇಳಿಬಿಸಿಲು ನೇರ ಬಿದ್ದು ಕಲ್ಲು ಇನ್ನೂ ಕೆಂಪಾಗುತ್ತದೆ. ಮೇಲೆ ಫಿಲ್ಟರ್ ಹಾಕಿದರೆ ಪಾಚಿಯ ಕಪ್ಪು, ತೇವದ ಹಸಿರು ಎರಡೂ ಮಾಯ. ಗೋಡೆಯ ರೋಗವೇ ಅಳಿಸಿಹೋಗುತ್ತದೆ. ಅದೂ ಅಲ್ಲದೆ ಎಲ್ಲರೂ ಮುಂಭಾಗವನ್ನೇ ತೆಗೆಯುತ್ತಾರೆ. ಉತ್ತರ ಗೋಡೆಗೆ 1862ರಲ್ಲಿ ಕೊಟ್ಟ ಮೂರು ಆಸರೆಗೋಡೆಗಳ ಕಡೆ ಯಾರ ಕ್ಯಾಮೆರಾವೂ ತಿರುಗುವುದಿಲ್ಲ.

ಮುಂದಿನ ಸಲ ಹೋದಾಗ ಇಷ್ಟು ಮಾಡಿ. ಸೆಲ್ಫಿ ಆದಮೇಲೆ ಉತ್ತರದ ಗೋಡೆಯದೊಂದು ಫೋಟೋ, 1x ಲೆನ್ಸಿನಲ್ಲಿ, ನೇರ ನಿಂತು, ಫಿಲ್ಟರ್ ಇಲ್ಲದೆ ತೆಗೆಯಿರಿ. ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಅದೇ ಜಾಗದಿಂದ ತೆಗೆದರೆ ಒಂದು ಮಳೆಗಾಲ ತಿಂದದ್ದೆಷ್ಟು ಎಂದು ಕಾಣುತ್ತದೆ. ವಾಟ್ಸಾಪ್, ಫೇಸ್‌ಬುಕ್ ಎರಡೂ ಫೋಟೋದೊಳಗಿನ ದಿನಾಂಕವನ್ನು ಕಳಚಿಬಿಡುತ್ತವೆ. ಆದ್ದರಿಂದ ಯಾವ ಗೋಡೆ, ಯಾವ ತಿಂಗಳು, ಯಾವ ವರ್ಷ ಎಂಬುದನ್ನು ಕೆಳಗೆ ಕೈಯಾರೆ ಬರೆಯಿರಿ. ಜೊತೆಗೊಂದು ಸಾಲು: "ಇದರ ಮೇಲೆ ಮೊದಲು ಸುಣ್ಣದ ಗಾರೆಯಿತ್ತು."