ಲಾನ್ ಮೂವರು

ನಮ್ಮ ಲೇಔಟಿನ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಸಾಲಿದೆ: ‘ಪಾರ್ಕಿಗೆ ಒಳ್ಳೆಯ ಲಾನ್ ಮೂವರು ಖರೀದಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಬರೆದವರು ಖಜಾಂಚಿ. ಅದು ‘ಮೋವರ್’, ಅಂದರೆ ಹುಲ್ಲು ಕತ್ತರಿಸುವ ಮಷೀನು, ಎಂದು ತಿದ್ದಲು ಹೋದೆ. ‘ಮೂವರೋ ನಾಲ್ವರೋ, ಮೊದ್ಲು ಬರ್ಲಿ ಬಿಡ್ರಿ’ ಅಂದರು. ಈಗ ಯೋಚಿಸಿದರೆ ಅವರು ಬರೆದದ್ದೇ ಸರಿ ಅನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬಳ್ಳಾರಿ ನಿಮಗೆ ಗೊತ್ತಲ್ಲ. ನಮಗಿರೋದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಅಂತ ನಾವೇ ಹೇಳಿಕೊಂಡು ನಗುವ ಊರು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ನಮ್ಮ ಬೀದಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಗೆ. ಅಲಾರಂ ಇಟ್ಟುಕೊಂಡು ಎದ್ದು ಸಂಪಿನ ಮುಚ್ಚಳ ತೆಗೆದು ಕೂರುತ್ತೇವೆ. ಇಂಥ ಊರಿನಲ್ಲಿ, ಐದು ಗುಂಟೆ ಜಾಗದಲ್ಲಿ, ನಾವು ಲಾನ್ ಬೆಳೆಸಿದ್ದೇವೆ.

ಲೆಕ್ಕ ಸಿಂಪಲ್. ಐದು ಗುಂಟೆ ಅಂದರೆ ಸುಮಾರು 500 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬಿರುಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ಐದು ಮಿಲಿಮೀಟರ್ ಕುಡಿಯುತ್ತದೆ ಎಂದು ಹಿಡಿದರೂ ದಿನಕ್ಕೆ 2,500 ಲೀಟರ್ ಆಯಿತು. 5,000 ಲೀಟರಿನ ಟ್ಯಾಂಕರ್ ಎರಡು ದಿನಕ್ಕೊಂದು. ಟ್ಯಾಂಕರಿನವನು ಹೇಳಿದ್ದೇ ರೇಟು. ನಮ್ಮ ಮನೆ ಮುಂದೆ ನಿಲ್ಲಿಸಪ್ಪಾ ಅಂದರೆ ಕೈ ಅಲ್ಲಾಡಿಸಿ ‘ಇದು ಹುಲ್ಲಿನ ಲೋಡು ಸಾರ್’ ಅಂತ ಹೋಗುತ್ತಾನೆ. ನಾನು ಬಿಂದಿಗೆ ಹಿಡಿದು ನಿಂತೇ ಇರುತ್ತೇನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಊರೆಲ್ಲ ನದಿಗೆ ಹರಿದುಹೋಗುತ್ತಿದ್ದ ನೀರಿನ ಬಗ್ಗೆಯೇ ಮಾತಾಡುತ್ತಿತ್ತು. ನಮ್ಮ ಸಂಘದ ಸಭೆಯಲ್ಲೂ ನೀರಿನದೇ ಚರ್ಚೆ. ವಿಷಯ: ಪಾರ್ಕಿನ ಸ್ಪ್ರಿಂಕ್ಲರ್ ಗಾಳಿಗೆ ತಿರುಗಿ ಅಧ್ಯಕ್ಷರ ಕಾರನ್ನು ನೆನೆಸುತ್ತಿದೆ.

ಹಾಕಿರುವ ಹುಲ್ಲು ಮೆಕ್ಸಿಕನ್. ನರ್ಸರಿಯವರು ಚೌಕ ಚೌಕ ಕತ್ತರಿಸಿ, ಚಾಪೆಯಂತೆ ಹಾಸಿಕೊಟ್ಟು ಹೋದರು. ಇದರ ಅಸಲು ತವರು ಪೂರ್ವ ಏಷ್ಯಾ. ಮೆಕ್ಸಿಕೊ ಎಲ್ಲಿಂದ ಬಂತೋ, ಹೆಸರಿಟ್ಟವರೇ ಹೇಳಬೇಕು. ನಿಜವಾಗಿ ಮೆಕ್ಸಿಕೊ ಕಡೆಯಿಂದ ಬಂದ ಗಿಡ ಒಂದು ನಮ್ಮಲ್ಲಿದೆ. ಯಾರೂ ನೀರು ಹಾಕದಿದ್ದರೂ ಖಾಲಿ ಸೈಟು, ಹಳ್ಳದ ದಂಡೆ, ರೈಲ್ವೆ ಹಳಿಯ ಬದಿ ಎಲ್ಲ ತುಂಬಿಕೊಂಡಿದೆ. ಅದಕ್ಕೆ ಇಡೀ ರಾಜ್ಯ ನಮ್ಮೂರ ಹೆಸರನ್ನೇ ಇಟ್ಟಿದೆ: ಬಳ್ಳಾರಿ ಜಾಲಿ. ಮೆಕ್ಸಿಕೊದಿಂದ ಬಂದದ್ದು ಬಳ್ಳಾರಿಯದಾಯಿತು, ಎಲ್ಲಿಂದಲೋ ಬಂದದ್ದು ಮೆಕ್ಸಿಕೊದ್ದಾಯಿತು.

ಗರಿಕೆ ಹಾಕೋಣ ಎಂದು ನಾನು ಒಮ್ಮೆ ಬಾಯಿಬಿಟ್ಟಿದ್ದೆ. ಬಿಸಿಲಿಗೆ ಜಗ್ಗುವುದಿಲ್ಲ, ಒಣಗಿದಂತೆ ಕಂಡರೂ ಒಂದು ಮಳೆಗೆ ಎದ್ದು ಕೂರುತ್ತದೆ. ಎರೆ ಹೊಲದಲ್ಲಿ ಹೊಕ್ಕಿತೆಂದರೆ ರೈತ ಬೇರು ಅಗೆದೂ ಅಗೆದೂ ಸೋಲುತ್ತಾನೆ. ಅದನ್ನೇ ಅಂಗಡಿಯಲ್ಲಿ ಬರ್ಮುಡಾ ಅಂತ ಪ್ಯಾಕೆಟ್ ಮಾಡಿ ಮಾರುತ್ತಾರೆ. ಅಧ್ಯಕ್ಷರು ನನ್ನನ್ನು ಮರುಕದಿಂದ ನೋಡಿದರು. ‘ಗರಿಕೆ ಹೊಲದಾಗೂ ಇರ್ತೈತಲ್ರೀ. ಪಾರ್ಕಿಗೇನು ಮರ್ಯಾದೆ ಉಳೀತು?’

ಹೀಗೆ ಮರ್ಯಾದೆಯಿಂದ ಬೆಳೆದ ಹುಲ್ಲನ್ನು ಕತ್ತರಿಸುವುದು ಹೇಗೆ? ಅಲ್ಲಿಯವರೆಗೆ ಮಾಲಿ ತಾತ ಕುಕ್ಕುರುಗಾಲಲ್ಲಿ ಕೂತು, ಕುಡುಗೋಲಿನಿಂದ ಸರ್ರು ಸರ್ರು ಎಂದು ಕೊಯ್ದು, ಹೊರೆ ಕಟ್ಟಿ ಸೈಕಲ್ ಕ್ಯಾರಿಯರಿಗೆ ಏರಿಸಿಕೊಂಡು ಹೋಗುತ್ತಿದ್ದ. ಅದು ನೋಡಲು ಚೆನ್ನಾಗಿಲ್ಲ ಎಂಬ ದೂರು ಬಂತು. ಮಷೀನಿಗಾಗಿ ಸಭೆ ಸೇರಿತು. ಸಂಪಿಗೆ ಮೋಟರ್ ಕೊಳ್ಳುವಾಗ ಹತ್ತು ನಿಮಿಷದಲ್ಲಿ ಮುಗಿದ ಸಭೆ, ಹುಲ್ಲಿನ ಮಷೀನಿಗೆ ಮೂರು ಭಾನುವಾರ ನಡೆಯಿತು. ಪ್ರತಿ ಸಲವೂ ಮಿರ್ಚಿ, ಒಗ್ಗರಣೆ.

ನಿವೃತ್ತ ಎಂಜಿನಿಯರ್ ಸಾಹೇಬರು ಓದಿಕೊಂಡು ಬಂದಿದ್ದರು. ಕೈಯಲ್ಲಿ ತಳ್ಳುವ ಸಿಲಿಂಡರ್ ಮಷೀನು ಕತ್ತರಿ ಇದ್ದಂತೆ, ಎರಡು ಅಲಗಿನ ನಡುವೆ ಹುಲ್ಲು ಸಿಕ್ಕಿ ನೀಟಾಗಿ ಕಟ್ಟಾಗುತ್ತದೆ. ರೋಟರಿ ಅನ್ನೋದು ಮಚ್ಚು ಬೀಸಿದಂತೆ, ಅಲಗು ಗಿರ್ರನೆ ತಿರುಗಿ ಹೊಡೆದು ಹಾಕುತ್ತದೆ, ಅಲಗು ಮೊಂಡಾದರೆ ಹುಲ್ಲಿನ ತುದಿ ಹರಿದು ಕಂದಾಗುತ್ತದೆ. ಮನೆ ಮುಂದಿನ ಗುಂಟೆ, ಎರಡು ಗುಂಟೆಗೆ ತಳ್ಳೋದೇ ಸಾಕು. ಐದು ಸಾವಿರದಿಂದ ಹತ್ತು ಸಾವಿರದೊಳಗೆ ಸಿಗುತ್ತದೆ, ಪೆಟ್ರೋಲ್ ಬೇಡ, ಕರೆಂಟ್ ಬೇಡ. ನಮ್ಮ ಐದು ಗುಂಟೆಗೂ ಒಬ್ಬ ಗಟ್ಟಿ ಆಳು ಬೆಳಿಗ್ಗೆ ತಳ್ಳಿ ಮುಗಿಸಬಹುದು. ಇಷ್ಟು ಹೇಳಿ, ಇದನ್ನು 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಕಂಡುಹಿಡಿದ ಎಂದೂ ಸೇರಿಸಿದರು. ಬಟ್ಟೆ ಮಿಲ್ಲಿನಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ಜುಂಗು ಸವರುವ ಯಂತ್ರ ನೋಡಿ, ಇದನ್ನೇ ಹುಲ್ಲಿಗೆ ಬಿಟ್ಟರೆ ಹೇಗೆ ಅಂತ ಅವನಿಗೆ ಹೊಳೆಯಿತಂತೆ.

ಜೀನ್ಸ್ ಯೂನಿಟ್ ಇರುವ ಸಾವ್ಕಾರ್ರು ಅಷ್ಟೊತ್ತು ಮಿರ್ಚಿ ಮೆಲ್ಲುತ್ತಿದ್ದವರು ಎದ್ದು ಕೂತರು. ‘ಬಟ್ಟಿ ಮಷೀನಾ? ಮೊದ್ಲೇ ಹೇಳಬಾರ್ದಾ? ನಮ್ ಯೂನಿಟ್‌ನಾಗೆ ಒಂದು ಹಳೆ ಕಟಿಂಗ್ ಮಷೀನ್ ಐತೆ. ಒಂದೇ ಸಲಕ್ಕೆ ಐವತ್ತು ಪದರ ಡೆನಿಮ್ ಕತ್ತರಿಸ್ತೈತೆ. ಹುಲ್ಲು ಯಾವ ಲೆಕ್ಕ?’ ಹುಲ್ಲನ್ನು ಮೇಜಿನ ಮೇಲೆ ಹಾಸುವವರು ಯಾರು ಎಂಬಲ್ಲಿ ಆ ಸಲಹೆ ನಿಂತಿತು. ಆದರೂ ನಡಾವಳಿಯಲ್ಲಿ ದಾಖಲಾಗಿದೆ.

ತಳ್ಳುವ ಮಷೀನು ಬಿದ್ದುಹೋದದ್ದು ಅದರ ಬೆಲೆಯಿಂದಲೇ. ಎಂಟು ಸಾವಿರದ ಮಷೀನು ಅಂದ ತಕ್ಷಣ ಅಧ್ಯಕ್ಷರ ಮುಖ ಬಾಡಿತು. ಎಂಟು ಸಾವಿರಕ್ಕೆ ರಿಬ್ಬನ್ ಕಟ್ ಮಾಡುವುದು ಹೇಗೆ? ಯಾರನ್ನು ಕರೆಯುವುದು?

ಕರೆಂಟಿನದು ತರೋಣವೆಂದರೆ ಪಾರ್ಕಿನ ಮೂಲೆ ಮುಟ್ಟಲು ಉದ್ದುದ್ದ ವೈರ್ ಬೇಕು. ಆ ವೈರಿನ ಮೇಲೇ ಅಲಗು ಹತ್ತಿಸದಂತೆ ನೋಡಿಕೊಳ್ಳಲು ಇನ್ನೊಬ್ಬ ಬೇಕು. ನಮ್ಮೂರ ಹತ್ತಿರದ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕರೆಂಟ್ ಹುಟ್ಟುತ್ತದೆ, ನಮ್ಮ ಲೇಔಟಿನಲ್ಲಿ ಸಾಯುತ್ತದೆ. ಬ್ಯಾಟರಿಯದಕ್ಕೆ ಶಬ್ದ ಕಡಿಮೆ, ಹೊಗೆಯಿಲ್ಲ. ಆದರೆ ಬ್ಯಾಟರಿ ಸತ್ತರೆ ಹೊಸದರ ಬೆಲೆ ಕೇಳಿಯೇ ಎದೆ ಒಡೆಯುತ್ತದೆ. ಯಾರದೋ ಅಳಿಯ ಅಮೆರಿಕದಿಂದ ರೋಬೋಟ್ ಮಷೀನಿನ ವಿಡಿಯೊ ಕಳಿಸಿದ್ದ. ತಾನೇ ಓಡಾಡಿ, ತಾನೇ ಹುಲ್ಲು ಕತ್ತರಿಸಿ, ತಾನೇ ಹೋಗಿ ಚಾರ್ಜಿಗೆ ನಿಲ್ಲುತ್ತದೆ. ‘ಕಳ್ಳ ಬಂದು ಕರೆದ್ರೆ ತಾನೇ ಹೋಗ್ತೈತಾ?’ ಎಂದು ಖಜಾಂಚಿ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಅಧ್ಯಕ್ಷರ ಮನಸ್ಸು ನಿಜವಾಗಿ ಇದ್ದದ್ದು ಮೇಲೆ ಕೂತು ಓಡಿಸುವ ಮಷೀನಿನ ಮೇಲೆ. ಚಿಕ್ಕ ಟ್ರ್ಯಾಕ್ಟರಿನಂತೆ ಇರುತ್ತದೆ, ಸ್ಟೀರಿಂಗ್ ಇರುತ್ತದೆ. ಎಕರೆಗಟ್ಟಲೆ ಮೈದಾನ ಇರುವವರಿಗೆ ಅದು. ನಮ್ಮ ಪಾರ್ಕಿನಲ್ಲಿ ಅದನ್ನು ಒಮ್ಮೆ ತಿರುಗಿಸುವಷ್ಟರಲ್ಲಿ ಹುಲ್ಲು ಮುಗಿದು ಜಾರುಬಂಡೆ ಬರುತ್ತದೆ. ‘ಜಾರುಬಂಡಿ ತಗೀಬಹುದಲ್ಲ’ ಎಂದರು. ಮಕ್ಕಳು ಮತ ಹಾಕುವುದಿಲ್ಲವಾದ್ದರಿಂದ ಆ ಮಾತು ಸ್ವಲ್ಪ ಹೊತ್ತು ಗಂಭೀರವಾಗಿಯೇ ಚರ್ಚೆಯಾಯಿತು. ಹಾಗೆ ನೋಡಿದರೆ ಮಕ್ಕಳಿಗೆ ಆ ಪಾರ್ಕಿನಲ್ಲಿ ಮೊದಲೇ ಕೆಲಸವಿಲ್ಲ. ‘ಹುಲ್ಲಿನ ಮೇಲೆ ಕಾಲಿಡಬಾರದು’ ಎಂಬ ಬೋರ್ಡು ನಾಲ್ಕು ಕಡೆ ಇದೆ. ಐದನೆಯದು ‘ಆಟ ಆಡಬಾರದು’. ಅವರು ಬೀದಿಯಲ್ಲಿ, ಟ್ಯಾಂಕರ್ ದಾಟುವ ಸಂದಿನಲ್ಲಿ ಕ್ರಿಕೆಟ್ ಆಡುತ್ತಾರೆ.

ಕೊನೆಗೆ ಬಂದದ್ದು 21 ಇಂಚಿನ ಪೆಟ್ರೋಲ್ ಮಷೀನು. ತಾನಾಗಿಯೇ ಮುಂದಕ್ಕೆ ಓಡುತ್ತದೆ, ಹಿಂದೆ ಹುಲ್ಲು ತುಂಬುವ ಚೀಲ. ಬೆಲೆ ಅರ್ಧ ಲಕ್ಷದ ಹತ್ತಿರ. ಮೂರು ಕೊಟೇಶನ್ ತರಿಸಿದ್ದೆವು. ಮೂರರಲ್ಲೂ ಒಂದೇ ಕೈಬರಹವಿತ್ತು, ಆದರೆ ಶಾಯಿ ಬೇರೆ ಬೇರೆ.

ಪೂಜೆಗೆ ನಿಂಬೆಹಣ್ಣು, ತೆಂಗಿನಕಾಯಿ, ಹಾರ ಎಲ್ಲ ಸಿದ್ಧ. ಐನೋರು ಬಂದು ‘ಗಣಪತಿಗೆ ಗರಿಕಿ ಎಲ್ರೀ?’ ಅಂದರು. ಐದು ಗುಂಟೆ ಹುಲ್ಲಿನ ನಡುವೆ ನಿಂತು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಜಾಂಚಿ ಸ್ಕೂಟರ್ ಹತ್ತಿ ಮಾರ್ಕೆಟ್ಟಿಗೆ ಹೋಗಿ ಹತ್ತು ರೂಪಾಯಿಗೆ ಒಂದು ಕಟ್ಟು ತಂದರು.

ಮಷೀನನ್ನು ಪಾರ್ಕಿನೊಳಗೆ ಒಯ್ಯಲು ಹೋದಾಗ ಗೊತ್ತಾಯಿತು. ದನ ನುಗ್ಗದಿರಲಿ ಎಂದು ಗೇಟಿನಲ್ಲಿ ಹಾವಿನಂತೆ ಬಳುಕುವ ಕಬ್ಬಿಣದ ಪೈಪು ಹಾಕಿಸಿದ್ದೆವು. ಮನುಷ್ಯ ಅಡ್ಡಡ್ಡ ತಿರುಗಿ ದಾಟಬಹುದು. 21 ಇಂಚಿನ ಮಷೀನು ದಾಟುವುದಿಲ್ಲ, ಅದನ್ನು ದನದ ಲೆಕ್ಕಕ್ಕೇ ಹಿಡಿದಿದೆ ಗೇಟು. ಇಂಚು ಆರಿಸಲು ಮೂರು ಭಾನುವಾರ ಕೂತಿದ್ದೆವು, ಟೇಪು ಹಿಡಿದು ಗೇಟು ಅಳೆದವರು ಒಬ್ಬರೂ ಇಲ್ಲ. ಕಾಂಪೌಂಡ್ ಮೇಲಿಂದ ಎತ್ತಿ ಇಳಿಸಬೇಕು. ಈ ಕಡೆ ಇಬ್ಬರು, ಆ ಕಡೆ ಒಬ್ಬ. ಮೂವರು. ಕತ್ತರಿಸುವಾಗಲೂ ಅಷ್ಟೇ: ಹ್ಯಾಂಡಲ್ ಹಿಡಿಯಲು ಒಬ್ಬ, ಮುಂದೆ ಕಲ್ಲು ಹೆಕ್ಕಲು ಒಬ್ಬ, ಚೀಲ ಖಾಲಿ ಮಾಡಲು ಒಬ್ಬ. ಖಜಾಂಚಿಯವರು ನಡಾವಳಿ ಪುಸ್ತಕದತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದರು.

ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಬೇಡಿ, ಬಿಸಿಲು ಕಾಲದಲ್ಲಿ ಇನ್ನೂ ಎತ್ತರ ಬಿಡಿ ಎಂದು ಎಂಜಿನಿಯರ್ ಸಾಹೇಬರು ಬಡಿದುಕೊಂಡರು. ಬುಡಕ್ಕೆ ನೆರಳು ಇರಬೇಕು, ಇಲ್ಲದಿದ್ದರೆ ಮಣ್ಣು ಕಾದು ಬೇರು ಸುಡುತ್ತದೆ. ಅಧ್ಯಕ್ಷರು ಲಿವರನ್ನು ಪೂರ್ತಿ ಕೆಳಗಿಳಿಸಿದರು. ‘ಇಷ್ಟು ದುಡ್ಡು ಕೊಟ್ಟು ಅರ್ಧಂಬರ್ಧ ಯಾಕ್ರೀ? ಮಿಲಿಟರಿ ಕಟಿಂಗ್ ಹೊಡೀರಿ.’

ಹೊಡೆದರು. ಒಂದು ಕಲ್ಲು ಠಣ್ಣೆಂದು ಸಿಡಿದು ‘ಹುಲ್ಲಿನ ಮೇಲೆ ಕಾಲಿಡಬಾರದು’ ಬೋರ್ಡಿನ ‘ಲಿ’ ಹಾರಿಹೋಯಿತು.

ಸಂಜೆ ಮಾಲಿ ತಾತ ಚೀಲದ ಹುಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಮರುದಿನ ವಾಪಸ್ ತಂದು ಗೇಟಿನ ಹತ್ತಿರ ಸುರುವಿದ. ‘ಪುಡಿ ಪುಡಿ ಆಗೈತೆ ಸಾರ್, ಪೆಟ್ರೋಲ್ ವಾಸ್ನಿ ಬೇರೆ. ಎಮ್ಮೆ ಮೂಸಿ ಮಕ ತಿರುಗಿಸ್ತು.’ ನಾವು ಕೊಡುತ್ತಿದ್ದ ಅಷ್ಟು ಕಡಿಮೆ ಸಂಬಳಕ್ಕೆ ಅವನು ಇಷ್ಟು ವರ್ಷ ಯಾಕೆ ಬರುತ್ತಿದ್ದ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಮೇವಿನ ದುಡ್ಡು ಸೇರಿಸಿ ಸಂಬಳ ಜಾಸ್ತಿ ಮಾಡಿ ಅಂದ. ಮಷೀನು ತಂದದ್ದೇ ಖರ್ಚು ಉಳಿಸಲು, ಸಂಬಳ ಹೇಗೆ ಜಾಸ್ತಿ ಮಾಡೋದು ಎಂದು ಸಭೆ ಕೇಳಿತು. ತಾತ ಕುಡುಗೋಲು ತೆಗೆದುಕೊಂಡು ಬೇರೆ ಲೇಔಟಿಗೆ ಹೋದ. ಅಲ್ಲಿ ಇನ್ನೂ ಮಷೀನು ಬಂದಿಲ್ಲ.

ಏಪ್ರಿಲ್ ಕೊನೆಗೆ ಹುಲ್ಲು ಹಳದಿಯಾಯಿತು. ಮೇ ಎರಡನೇ ವಾರಕ್ಕೆ ಅದೂ ಹೋಗಿ ನೆಲವೇ ಕಂಡಿತು. ಎರೆ ಮಣ್ಣು ಬಿರುಕು ಬಿಟ್ಟು, ಒಂದೊಂದು ಬಿರುಕಿನಲ್ಲಿ ಮಕ್ಕಳ ಟೆನಿಸ್ ಚೆಂಡು ಇಳಿಯುವಷ್ಟಾಗಿದೆ. ಈಗ ಹುಲ್ಲಿಲ್ಲ, ಹಾಗಾಗಿ ಬೋರ್ಡು ಅನ್ವಯಿಸುವುದಿಲ್ಲ ಎಂದು ಹುಡುಗರು ವಾದ ಹೂಡಿದ್ದಾರೆ. ಒಂದು ಮೂಲೆಯಲ್ಲಿ ಎರಡೆಲೆಯ ಬಳ್ಳಾರಿ ಜಾಲಿಯೂ ತಲೆಯೆತ್ತಿದೆ.

ಮಷೀನು ಶೆಡ್ಡಿನಲ್ಲಿದೆ. ಆದರೆ ಸುಮ್ನೆ ಬಿಡುವ ಹಾಗಿಲ್ಲ. ಪೆಟ್ರೋಲ್ ಹಾಗೇ ನಿಂತರೆ ಅಂಟಾಗಿ ಕಾರ್ಬ್ಯುರೇಟರ್ ಜಾಮ್ ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದಾನೆ. ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅಧ್ಯಕ್ಷರು, ಖಜಾಂಚಿ ಮತ್ತು ನಾನು ಶೆಡ್ಡಿಗೆ ಹೋಗುತ್ತೇವೆ. ಒಬ್ಬರು ಹಗ್ಗ ಎಳೆಯುತ್ತಾರೆ, ಒಬ್ಬರು ಚೋಕ್ ಹಿಡಿಯುತ್ತಾರೆ. ಐದು ನಿಮಿಷ ಅದರ ಸುತ್ತ ನಿಂತು ಶಬ್ದ ಕೇಳಿ, ‘ಗಾಡಿ ಚೆನ್ನಾಗೈತೆ’ ಎಂದು ಆಫ್ ಮಾಡಿ ಬೀಗ ಹಾಕುತ್ತೇವೆ. ಹೋದ ವಾರ ಪೆಟ್ರೋಲ್ ತರುವ ಸರದಿ ನನ್ನದಿತ್ತು. ಬಂಕಿನಲ್ಲಿ ಬಾಟಲಿಗೆ ಹಾಕುವುದಿಲ್ಲ ಅಂದರು. ಬೈಕಿನ ಟ್ಯಾಂಕಿಗೆ ಪೈಪು ಬಿಟ್ಟು ಬಾಯಿಂದ ಎಳೆದೆ. ಮುಕ್ಕಳಿಸೋಣವೆಂದು ಮನೆಗೆ ಓಡಿ ನಲ್ಲಿ ತಿರುಗಿಸಿದರೆ, ಅವತ್ತು ನಮ್ಮ ಬೀದಿಗೆ ಆರನೇ ದಿನ.